ದಿನಕ್ಕೊಂದು ಲೋಟ ರೆಡ್ ವೈನ್ ಹಾರ್ಟಿಗೆ ಒಳ್ಳೇದಾ? ತಿಳಿದವರು ಹೇಳಿ

ಪ್ರಶ್ನೆ

ಅಪ್ಪನಿಗೆ 58 ವರ್ಷ. ಬಿಪಿಗೆ ಆಮ್ಲೋಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತಗೋತಾರೆ. ಕುಡಿಯುವ ಅಭ್ಯಾಸ ಇಲ್ಲ. ನೆಂಟರೊಬ್ಬರು ‘ರಾತ್ರಿ ಊಟದ ಜೊತೆ ಒಂದು ಲೋಟ ರೆಡ್ ವೈನ್ ತಗೊಳ್ಳಿ, ಹಾರ್ಟಿಗೆ ಒಳ್ಳೇದು’ ಅಂತ ಒಂದು ಬಾಟಲಿ ಕೊಟ್ಟು ಹೋಗಿದ್ದಾರೆ. ಕೊಡಗಿನ ಮನೆ ವೈನೂ ಇದೆ. ಇದರಲ್ಲಿ ನಿಜ ಎಷ್ಟು? ಒಂದು ಲೋಟ ಅಂದ್ರೆ ಎಷ್ಟು ಮಿಲಿ?

ವೈದ್ಯೆ, ಮೈಸೂರು

ಮೊದಲೇ ಹೇಳಿಬಿಡುತ್ತೇನೆ: ಕುಡಿಯದವರು ಆರೋಗ್ಯಕ್ಕೆಂದು ಶುರು ಮಾಡುವುದು ಬೇಡ.

ಈ ಮಾತು ಹಬ್ಬಿದ್ದು ಫ್ರಾನ್ಸಿನಿಂದ. ಬೆಣ್ಣೆ, ಚೀಸ್ ಧಾರಾಳವಾಗಿ ತಿಂದರೂ ಅಲ್ಲಿ ಹೃದಯಾಘಾತ ಕಡಿಮೆ, ಅದಕ್ಕೆ ವೈನ್ ಕಾರಣವಿರಬಹುದು ಎಂದು ಅಲ್ಲಿನ ಸಂಶೋಧಕ ಸೆರ್ಜ್ ರೆನೋ 1992ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆಮೇಲೆ ಬಂದ ಎಷ್ಟೋ ಸಮೀಕ್ಷೆಗಳಲ್ಲೂ ಮಿತವಾಗಿ ಕುಡಿಯುವವರೇ ಕುಡಿಯದವರಿಗಿಂತ ಆರೋಗ್ಯವಾಗಿ ಕಂಡರು. ತೊಡಕು ಇರುವುದು ಈ ‘ಕುಡಿಯದವರ’ ಗುಂಪಿನಲ್ಲೇ. ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಅದರೊಳಗೆ ಸೇರಿಕೊಂಡಿರುತ್ತಾರೆ. ಬ್ರಿಟನ್ನಿನ ಸಂಶೋಧಕ ಶೇಪರ್ 1988ರಲ್ಲೇ ಇದನ್ನು ತೋರಿಸಿದ್ದರು. 2023ರಲ್ಲಿ 107 ಅಧ್ಯಯನಗಳನ್ನು ಒಟ್ಟು ಮಾಡಿ ಇಂಥ ದೋಷಗಳನ್ನು ಸರಿಪಡಿಸಿ ನೋಡಿದಾಗ, ಮಿತ ಕುಡಿತದಿಂದ ಆಯಸ್ಸು ಹೆಚ್ಚುವ ಲಾಭ ನಿಲ್ಲಲಿಲ್ಲ.

ನಿಜವಾಗಿ ವೈನ್ ಕೊಟ್ಟು ನೋಡಿದ ಪ್ರಯೋಗವೂ ಇದೆ. ಇಸ್ರೇಲಿನಲ್ಲಿ ಟೈಪ್ 2 ಶುಗರ್ ಇದ್ದ 224 ಮಂದಿಗೆ ಎರಡು ವರ್ಷ ರಾತ್ರಿ ಊಟದ ಜೊತೆ 150 ಮಿಲಿ ರೆಡ್ ವೈನ್, ವೈಟ್ ವೈನ್ ಇಲ್ಲವೇ ಮಿನರಲ್ ವಾಟರ್ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ರೆಡ್ ವೈನ್ ಕುಡಿದವರಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ನೀರು ಕುಡಿದವರಿಗಿಂತ ಸುಮಾರು 2 ಅಂಕ ಹೆಚ್ಚಾಯಿತು. ಏರಿಕೆ ನಿಜ, ಆದರೆ ಚಿಕ್ಕದು. ಎಚ್‌ಡಿಎಲ್ ಏರಿಸುವ ಔಷಧಿಗಳೇ ಹೃದಯಾಘಾತ ತಡೆಯಲು ಸೋತಿರುವಾಗ, ಈ 2 ಅಂಕವನ್ನು ಹಾರ್ಟಿಗೆ ರಕ್ಷಣೆ ಎನ್ನಲಾಗದು. ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದೂ ಶುಗರ್ ಹತೋಟಿಯಲ್ಲಿದ್ದವರನ್ನು ಮಾತ್ರ.

ಇನ್ನು ವೈನಿನ ಗುಣಕ್ಕೆ ಕಾರಣ ಎಂದು ಹೇಳುವ, ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ರಾಸಾಯನಿಕ. ಅದರಿಂದ ಲಾಭ ಕಂಡ 2006ರ ಪ್ರಯೋಗದಲ್ಲಿ ಇಲಿಗಳಿಗೆ ಕೊಟ್ಟಿದ್ದು ತೂಕದ ಕಿಲೋಗೆ ದಿನಕ್ಕೆ ಸುಮಾರು 22 ಮಿಲಿಗ್ರಾಂ. ಮನುಷ್ಯನ ಲೆಕ್ಕಕ್ಕೆ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದರೂ 60 ಕಿಲೋ ತೂಕದವರಿಗೆ 110 ಮಿಲಿಗ್ರಾಂ ಬೇಕು. ವೈನಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಇದೆ ಎಂದು ಧಾರಾಳವಾಗಿ ಹಿಡಿದರೂ ದಿನಕ್ಕೆ 20 ಲೀಟರ್ ದಾಟುತ್ತದೆ.

ನಷ್ಟದ ಕಡೆ ಮಾತ್ರ ಅನುಮಾನ ಕಡಿಮೆ. ಮದ್ಯಸಾರ ಲಿವರಿನಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಬಾಯಿ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ, ಇಷ್ಟೂ ಕಡೆ ಕ್ಯಾನ್ಸರಿನ ಸಂಬಂಧ ಗೊತ್ತಾಗಿದೆ. ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಔಷಧ ಅಂಗಡಿ, ಹುಬ್ಬಳ್ಳಿ

ಮೇಡಂ ಹೇಳಿದ್ದು ಖರೆ. ನಿಮ್ಮ ಅಪ್ಪಾರ ಚೀಟಿಯೊಳಗ ನನಗ ಕಾಳಜಿ ಇರೋದು ಗ್ಲಿಮೆಪಿರೈಡ್ ಬಗ್ಗೆ. ಅದು ಶುಗರ್ ಇಳಸ್ತದ. ಮದ್ಯ ಒಳಗ ಹೋದ್ರ ಲಿವರ್ ಹೊಸದಾಗಿ ಗ್ಲೂಕೋಸ್ ಮಾಡೋದು ಕಡಿಮಿ ಆಗ್ತದ. ಎರಡೂ ಕೂಡಿದ್ರ ನಡುರಾತ್ರಿ ಶುಗರ್ ಧಪ್ಪಂತ ಇಳೀಬಹುದು, ಅದೂ ಊಟ ಕಡಿಮಿ ಆದ ದಿನ. ಬೆವರು, ನಡುಕ, ತೊದಲು ಮಾತು ಕಂಡ್ರ ಮನಿ ಮಂದಿ ‘ಕುಡಿದದ್ದು ಏರ್‍ಯದ’ ಅಂತ ಮಲಗಿಸಿ ಬಿಡ್ತಾರ. ಹಂಗ ಮಾಡಬ್ಯಾಡ್ರಿ. ಗ್ಲೂಕೋಮೀಟರ್‌ನಾಗ 70ಕ್ಕಿಂತ ಕಡಿಮಿ ಇದ್ರ ಮೂರು ಚಮಚ ಸಕ್ಕರಿ ನೀರಿನಾಗ ಕದಡಿ ಕುಡಿಸ್ರಿ, 15 ನಿಮಿಷಕ್ಕ ಮತ್ತ ನೋಡ್ರಿ. ಎಚ್ಚರ ತಪ್ಪಿದ್ರ ಬಾಯಿಗೆ ಏನೂ ಹಾಕದ ನೇರ ಆಸ್ಪತ್ರಿಗೆ ಒಯ್ರಿ.

ಸೋಂಕಿಗೆ ಕೊಡೋ ಮೆಟ್ರೊನಿಡಜೋಲ್ ಗುಳಿಗಿ ನಡೆದಾಗ ಮತ್ತು ಮುಗಿದ ಮ್ಯಾಲೂ ಮೂರು ದಿನ ಮದ್ಯ ಮುಟ್ಟಬಾರದು. ನಿದ್ದಿ ಗುಳಿಗಿ, ರಕ್ತ ಹೆಪ್ಪುಗಟ್ಟದಂಗ ಕೊಡೋ ವಾರ್ಫರಿನ್ ಇದ್ದವರಿಗೂ ಬ್ಯಾಡ.

ವೈನ್ ತಯಾರಿಕೆ, ದೊಡ್ಡಬಳ್ಳಾಪುರ

ಅಳತೆ ಬಗ್ಗೆ ನಾನು ಹೇಳ್ತೀನಿ. ಲೇಬಲ್ಲಿನಲ್ಲಿ ಇರುವ ಶೇಕಡಾವನ್ನು ಮಿಲಿಯಿಂದ ಗುಣಿಸಿ, 100ರಿಂದ ಭಾಗಿಸಿ, ಮತ್ತೆ 0.79ರಿಂದ ಗುಣಿಸಿ. ಬರುವುದು ಮದ್ಯಸಾರದ ಗ್ರಾಂ. ಶೇ. 13ರ ವೈನ್ 150 ಮಿಲಿಗೆ ಸುಮಾರು 15 ಗ್ರಾಂ, ಇಡೀ 750 ಮಿಲಿ ಬಾಟಲಿಗೆ 77. ಬ್ರಿಟನ್ನಿನ ಸಲಹೆಯಲ್ಲಿ ವಾರದ ಮಿತಿ 14 ಯೂನಿಟ್, ಅಂದರೆ 112 ಗ್ರಾಂ. ಒಂದೂವರೆ ಬಾಟಲಿಗೆ ಅದು ಮುಗಿದುಹೋಗುತ್ತೆ.

ದೊಡ್ಡ ವೈನ್ ಗ್ಲಾಸು ಅರ್ಧ ತುಂಬಿದರೂ 200 ಮಿಲಿ ದಾಟುತ್ತೆ. ಕಣ್ಣಳತೆ ನಂಬಬೇಡಿ. ಅಡುಗೆಮನೆಯ ಅಳತೆ ಕಪ್ಪಿನಲ್ಲಿ 100 ಮಿಲಿ ನೀರು ಅಳೆದು ಗ್ಲಾಸಿಗೆ ಸುರಿದು, ಆ ಮಟ್ಟಕ್ಕೆ ಗುರುತು ಹಾಕಿ. ಇನ್ನೊಂದು ವಿಷಯ: ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಮೂರರಿಂದ ಐದು ದಿನ ಚೆನ್ನಾಗಿರುತ್ತೆ, ಆಮೇಲೆ ಗಾಳಿ ತಾಗಿ ಹುಳಿ ತಿರುಗುತ್ತೆ. ಹಾಳಾಗುತ್ತಲ್ಲ ಅಂತ ಮುಗಿಸಲು ಹೋಗಿಯೇ ಎಷ್ಟೋ ಮನೆಗಳಲ್ಲಿ ಅಳತೆ ತಪ್ಪೋದು. ಉಳಿದದ್ದನ್ನು ಚೆಲ್ಲಿಬಿಡಿ.

ಮನೆ ವೈನ್ ಶುಗರ್ ಇದ್ದವರಿಗೆ ಖಂಡಿತ ಬೇಡ. ರೂಢಿಯ ಅಳತೆ ಒಂದು ಕಿಲೋ ದ್ರಾಕ್ಷಿ, ಒಂದು ಕಿಲೋ ಸಕ್ಕರೆ, ಒಂದೂವರೆ ಲೀಟರ್ ನೀರು. ಲೀಟರಿಗೆ ಸುಮಾರು 400 ಗ್ರಾಂ ಸಕ್ಕರೆ ಬಿತ್ತು. ಶೇ. 1 ಮದ್ಯಸಾರಕ್ಕೆ ಯೀಸ್ಟ್ ತಿನ್ನೋದು ಲೀಟರಿಗೆ 17 ಗ್ರಾಂ ಸಕ್ಕರೆ. ಶೇ. 13ಕ್ಕೆ ಮುಟ್ಟಿ ಯೀಸ್ಟ್ ನಿಂತರೂ 170–180 ಗ್ರಾಂ ಹಾಗೇ ಉಳಿಯುತ್ತೆ. ಅಂದರೆ 100 ಮಿಲಿಯಲ್ಲಿ ನಾಲ್ಕು ಟೀ ಚಮಚ ಸಕ್ಕರೆ. ಬೇಕರಿ ಯೀಸ್ಟ್ ಹಾಕಿದ್ದರೆ ಇನ್ನೂ ಬೇಗ ನಿಲ್ಲುತ್ತೆ, ಸಿಹಿ ಇನ್ನೂ ಜಾಸ್ತಿ. ಮದ್ಯಸಾರ ಎಷ್ಟು ಅಂತ ಬಾಟಲಿ ಮೇಲೂ ಇರಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮದುವೆ ಮುಂಜಿಯಲ್ಲಿ ಯಾರಾದರೂ ಬಲವಂತ ಮಾಡಿದರೆ?

ವೈದ್ಯೆ, ಮೈಸೂರು

‘ಶುಗರ್ ಮಾತ್ರೆಗೆ ಆಗಲ್ಲ’ ಅಂದರೆ ಸಾಕು, ಅದು ನಿಜವೂ ಹೌದು. ಅಷ್ಟಾಗಿಯೂ ಕುಡಿಯುವುದಾದರೆ ಸಿಹಿಯಿಲ್ಲದ ಡ್ರೈ ವೈನ್, 100 ಮಿಲಿ ಮೀರದೆ, ಹೊಟ್ಟೆ ತುಂಬ ಊಟದ ಜೊತೆ. ಮಲಗುವ ಮುಂಚೆ ಶುಗರ್ ನೋಡಿ, 100ಕ್ಕಿಂತ ಕಡಿಮೆ ಇದ್ದರೆ ಎರಡು ಬಿಸ್ಕತ್ತೋ ಒಂದು ಲೋಟ ಹಾಲೋ ಕೊಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಮತ್ತು ಲಿವರ್ ಪರೀಕ್ಷೆ ಮಾಡಿಸಿ. ಟ್ರೈಗ್ಲಿಸರೈಡ್ ಹೆಚ್ಚಿದ್ದರೆ, ಲಿವರಿನಲ್ಲಿ ಕೊಬ್ಬು ಕಂಡರೆ, ಆ 100 ಮಿಲಿಯೂ ಬೇಡ.