‘ಕಟು’ ಎಂದರೆ ಕಹಿಯೋ, ಖಾರವೋ?

‘ಕಟುಸತ್ಯ’ವನ್ನು ಬಿಡಿಸಿ ಹೇಳಿ ಎಂದರೆ ಹೆಚ್ಚಿನವರು ‘ಕಹಿಯಾದ ಸತ್ಯ’ ಎನ್ನುತ್ತಾರೆ. ಹಾಗಾದರೆ ಕಟು ಎಂದರೆ ಕಹಿಯೇ? ಹಿಂದಿಯಲ್ಲಿ ಹೌದು. ಸಂಸ್ಕೃತದ ‘ಕಟುಕ’ದಿಂದ ಬಂದ ‘ಕಡ್ವಾ’ ಅಲ್ಲಿ ಹಾಗಲಕಾಯಿಯ ರುಚಿ. ಕನ್ನಡದಲ್ಲಿ ಮಾತ್ರ ಈ ಅರ್ಥ ಪೂರ್ತಿ ಒಗ್ಗುವುದಿಲ್ಲ ಎಂದೇ ನನ್ನ ಅನಿಸಿಕೆ.

ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂಬ ಆಯುರ್ವೇದದ ಷಡ್ರಸಗಳಲ್ಲಿ (ಆರು ರುಚಿಗಳಲ್ಲಿ) ಕಹಿಗೆ ಇರುವ ಹೆಸರು ತಿಕ್ತ. ಕಟು ಎಂದರೆ ಖಾರ. ತ್ರಿಕಟು ಎಂಬ ಔಷಧದ ಪುಡಿಯಲ್ಲಿರುವುದು ಒಣಶುಂಠಿ, ಕಾಳುಮೆಣಸು, ಹಿಪ್ಪಲಿ. ಚಿಟಿಕೆ ಪುಡಿ ನಾಲಿಗೆಗೆ ತಾಕಿದರೆ ಸಾಕು, ತುದಿ ಚುರುಗುಟ್ಟಿ ಮೂಗಿನಲ್ಲಿ ನೀರಿಳಿಯುತ್ತದೆ. ಅದು ಕಟು. ಆದರೆ ವಿಪರೀತ ಕಹಿಯಾದ ಕಟುರೋಹಿಣಿ ಎಂಬ ಮೂಲಿಕೆಯ ಹೆಸರಲ್ಲೂ ಇದೇ ಪದವಿದೆ! ಗೊಂದಲ ಇಂದು ನಿನ್ನೆಯದಲ್ಲ.

ಖಾರವನ್ನು ಅರಿಯುವುದು ರುಚಿಮೊಗ್ಗುಗಳಲ್ಲ, ಬಿಸಿ ಮತ್ತು ನೋವನ್ನು ಅರಿಯುವ ನರಗಳು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಕೆರಳಿಸುವ, ಈ ನರಗಳಲ್ಲಿರುವ ಗ್ರಾಹಕವನ್ನು (ರಿಸೆಪ್ಟರ್) ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿತು. 2021ರ ನೊಬೆಲ್ ಪ್ರಶಸ್ತಿಯ ಹಿಂದೆ ಈ ಕೆಲಸವೂ ಇದೆ. ಇಂಥ ನರಗಳು ಕಣ್ಣು, ಮೂಗು, ಗಂಟಲಲ್ಲೂ ಇವೆ. ಅಮೋನಿಯದ ವಾಸನೆಯನ್ನು ನಾವು ‘ಕಟುವಾಸನೆ’ ಎನ್ನುವುದು ಎಷ್ಟು ಸರಿಯಾಗಿದೆ ನೋಡಿ. ಅಲ್ಲಿ ‘ಕಹಿ’ಗೆ ಜಾಗವೇ ಇಲ್ಲ.

ಮಾತಿನ ಬಳಕೆಯಲ್ಲಂತೂ ಎರಡೂ ಬೇರೆ ಬೇರೆ. ‘ಕಟುವಾಗಿ ಟೀಕಿಸಿದರು’ ಎನ್ನುತ್ತೇವೆ; ‘ಕಹಿಯಾಗಿ ಟೀಕಿಸಿದರು’ ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ ನೆನಪು ಕಹಿ, ಅನುಭವ ಕಹಿ. ಸಂಬಂಧ ಹದಗೆಟ್ಟರೆ ಅದು ಕಹಿಯಾಗುತ್ತದೆ, ಕಟುವಾಗುವುದಿಲ್ಲ. ಬಂದು ತಾಗುವುದು ಕಟು, ಆಮೇಲೆ ಒಳಗೆ ಉಳಿಯುವುದು ಕಹಿ. ಕೇಳಿದ ಕ್ಷಣಕ್ಕೆ ಚುಚ್ಚಿದ ಮಾತು ಕಟುಮಾತು. ವರ್ಷಗಳ ಮೇಲೂ ಅದು ಮನಸ್ಸಿನಿಂದ ಹೋಗದಿದ್ದರೆ ಕಹಿನೆನಪು.

ಕಡುಬಡವ, ಕಡುಕೋಪಗಳಲ್ಲಿರುವ ನಮ್ಮ ‘ಕಡು’ವಿಗೂ ‘ಕಟು’ವಿಗೂ ನಂಟಿರಬಹುದು. ಸಂಸ್ಕೃತದ ಕಟು ದ್ರಾವಿಡದಿಂದ ಹೋದದ್ದು ಎಂಬುದು ಭಾಷಾವಿದ್ವಾಂಸ ಟಿ. ಬರೋ ಅವರ ಅಭಿಪ್ರಾಯ. ತಮಿಳಿನ ‘ಕಡು’ವಿಗೂ ತೀವ್ರ, ಕಠೋರ ಎಂಬ ಅರ್ಥವೇ ಇರುವುದನ್ನು ನೋಡಿದರೆ ನನಗೂ ಇದು ಒಪ್ಪುವ ಮಾತು.

ಆಯುರ್ವೇದದ ವೈದ್ಯಗ್ರಂಥಗಳನ್ನು ಕನ್ನಡಕ್ಕೆ ತರುವವರು ಇಲ್ಲಿ ಎಚ್ಚರ ತಪ್ಪಬಾರದು. ಶಾಸ್ತ್ರದ ಪ್ರಕಾರ ಕಟುರಸ ಪಿತ್ತವನ್ನು ಹೆಚ್ಚಿಸುತ್ತದೆ, ತಿಕ್ತರಸ ತಗ್ಗಿಸುತ್ತದೆ. ಕಟುವನ್ನು ‘ಕಹಿ’ ಎಂದು ಬರೆದುಬಿಟ್ಟರೆ ಪಥ್ಯವೇ ತಲೆಕೆಳಗು. ಅಂಥ ಕಡೆಗಳಲ್ಲಿ ನೇರವಾಗಿ ‘ಖಾರ’ ಎಂದೇ ಬರೆಯಬೇಕು.