ಓದುಗರ ಸ್ಪಂದನ: ‘ಪಢಾಕೂ’ ಅನ್ನಿಸಿಕೊಳ್ಳಲು ಹೆದರುವ ಮಗ

ಡೊಂಬಿವಲಿಯ ತಾಯಿಯೊಬ್ಬರು ಕಳೆದ ಸಲ ಬರೆದಿದ್ದರು. ಏಳನೇ ಕ್ಲಾಸಿನವರೆಗೆ ಚೆನ್ನಾಗಿ ಓದುತ್ತಿದ್ದ ಮಗ ಒಂಬತ್ತಕ್ಕೆ ಬಂದ ಮೇಲೆ ಪುಸ್ತಕ ಮುಟ್ಟುತ್ತಿಲ್ಲ. ಓದುವವರನ್ನು ಗೆಳೆಯರು ‘ಪಢಾಕೂ’ ಎಂದು ಆಡಿಕೊಳ್ಳುತ್ತಾರಂತೆ. ತೊಂಬತ್ತು ಪರ್ಸೆಂಟ್ ತೆಗೆದರೆ ಸೈಕಲ್ ಎಂದರೂ ಜಗ್ಗಲಿಲ್ಲ. ಆ ಸಹವಾಸ ಬಿಡಿಸುವುದು ಹೇಗೆ ಎಂದು ಕೇಳಿದ್ದರು.

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1983ರಲ್ಲಿ ಕುಂದಾಪುರದ ಕಡೆಯಿಂದ ಬಂದು ಮುಂಬೈ ಫೋರ್ಟಿನ ಹೋಟೆಲೊಂದರಲ್ಲಿ ಗ್ಲಾಸ್ ತೊಳೆಯುತ್ತಿದ್ದೆ, ಸಂಜೆಯಾದರೆ ಕನ್ನಡ ರಾತ್ರಿ ಶಾಲೆ. ಹಾಗೆ ಓದಿಯೇ ಎಷ್ಟೋ ಹುಡುಗರು ಬ್ಯಾಂಕು ಸೇರಿದರು, ವಕೀಲರಾದರು. ನಾನು ಆಗಲಿಲ್ಲ. ಹತ್ತು ಗಂಟೆಗೆ ವಾಪಸ್ ಬಂದರೆ ಅಟ್ಟದ ಮೇಲೆ ಮಲಗಿದ ಹುಡುಗರು ‘ಬ್ಯಾರಿಸ್ಟರ್ ಸಾಹೇಬ್ರು ಬಂದ್ರು, ಲೈಟ್ ಹಾಕ್ರೋ’ ಎಂದು ನಗುತ್ತಿದ್ದರು. ಕೆಟ್ಟವರಲ್ಲ, ಜ್ವರ ಬಂದಾಗ ಗಂಜಿ ಕುಡಿಸಿದವರೂ ಅವರೇ. ಅದಕ್ಕೇ ಆ ನಗು ಸಹಿಸಲಾಗಲಿಲ್ಲ. ಆಗದವರು ನಕ್ಕಿದ್ದರೆ ಹಟಕ್ಕಾದರೂ ಓದುತ್ತಿದ್ದೆ. ಒಂಬತ್ತನೇ ಪರೀಕ್ಷೆಗೆ ಹೋಗಲೇ ಇಲ್ಲ. ಸಾಂಬಾರಿನ ಕಲೆ ಬಿದ್ದ ಬೀಜಗಣಿತದ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ, ಹೆಂಡತಿ ಎಷ್ಟು ಸಲ ರದ್ದಿಗೆ ಹಾಕಲು ಹೊರಟರೂ ಬಿಟ್ಟಿಲ್ಲ. ಇಷ್ಟಾದರೂ ನನಗೆ ಬುದ್ಧಿ ಬಂತಾ? ಮಗಳಿಗೆ ದಿನಾ ನನ್ನ ಅಣ್ಣನ ಮಗನ ಮಾರ್ಕ್ಸ್ ಹೇಳಿದ್ದೇ ಹೇಳಿದ್ದು. ಹನ್ನೆರಡನೇದು ಮುಗಿದ ದಿನ ಅವಳು, ‘ಪಪ್ಪಾ, ನಿಮ್ಮ ಪರೀಕ್ಷೆ ಬರೆದುಕೊಟ್ಟಿದ್ದೀನಿ, ಇನ್ನು ನನ್ನ ಬಿಡಿ’ ಅಂದಳು.
– ಗೋರೆಗಾಂವ್

ಇವರ ಪತ್ರ ಇನ್ನೂ ಎರಡು ಪುಟ ಇತ್ತು. ಮಗಳ ಮಾತಿಗೆ ನಿಲ್ಲಿಸಿದ್ದೇವೆ.

ಪತ್ರದಲ್ಲಿ ‘ಪರ್ಸೆಂಟ್’ ಐದು ಸಲ ಇದೆ. ಹುಡುಗನಿಗೆ ಏನಿಷ್ಟ ಅನ್ನೋದು ಒಂದು ಸಲವೂ ಇಲ್ಲ.
– ಕೋಥ್ರೂಡ್, ಪುಣೆ

ಸ್ವಲ್ಪ ಖಾರವಾಯಿತು. ನಾವೂ ಎಣಿಸಿ ನೋಡಿದೆವು, ಐದೇ.

ಮುಂಬೈ ಹವಾನೇ ಹೀಗೆ. ಊರಿಗೆ ಕಳಿಸಿ, ಅಜ್ಜಿ ಮನೆಯಲ್ಲಿದ್ದು ಓದಲಿ. ಕನ್ನಡವೂ ಬರುತ್ತೆ. ಈಗಿನ ಮಕ್ಕಳಿಗೆ ಕನ್ನಡ ಪೇಪರ್ ಓದಲೂ ಬರಲ್ಲ, ಅದರ ಬಗ್ಗೆ ಯಾರಾದರೂ ಬರೆಯಿರಿ.
– ವಾಶಿ

ಇದೇ ಸಲಹೆ ಇನ್ನೂ ನಾಲ್ವರಿಂದ ಬಂದಿದೆ. ಜಾಗವಿಲ್ಲ. ಮುಂದಿನವರು ಗೋವಾದ ಶಿಕ್ಷಕಿ.

ಸೈಕಲ್ ಆಸೆ ತೋರಿಸಬೇಡಿ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಚಿತ್ರ ಬರೆಯೋದು ಇಷ್ಟ ಇದ್ದ ಪುಟ್ಟ ಮಕ್ಕಳ ಮೇಲೆ ಮಾಡಿದ ಪ್ರಯೋಗ ಟೀಚರ್‌ಗಳಿಗೆಲ್ಲ ಗೊತ್ತು. ಬರೆದರೆ ಬಹುಮಾನ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ಬಿಡುವಿನಲ್ಲಿ ಚಿತ್ರ ಬರೆಯೋ ಪೆನ್ನು ಮುಟ್ಟಿದ್ದೇ ಕಡಿಮೆ. ಮೊದಲೇ ಹೇಳಿಸಿಕೊಳ್ಳದೆ ಬಹುಮಾನ ಪಡೆದ ಮಕ್ಕಳಿಗೆ ಹಾಗಾಗಲಿಲ್ಲ. ಗೆಳೆಯರ ವಿಷಯ: ನನ್ನ ಕ್ಲಾಸಿನಲ್ಲಿ ಜಾಸ್ತಿ ಆಡಿಕೊಳ್ಳುತ್ತಿದ್ದ ಹುಡುಗನನ್ನು ಒಮ್ಮೆ ಬೋರ್ಡಿಗೆ ಕರೆದೆ. ಸೀಮೆಸುಣ್ಣ ಹಿಡಿದು ಸುಮ್ನೆ ನಿಂತ, ಕಿವಿಯೆಲ್ಲ ಕೆಂಪು. ಭಿನ್ನರಾಶಿಯೇ ಬರುತ್ತಿರಲಿಲ್ಲ. ಬರದಿದ್ದನ್ನು ಮುಚ್ಚಲು ನಗೋದು, ಅಲ್ವಾ? ಭಾನುವಾರ ಆ ಹುಡುಗರನ್ನೇ ಮನೆಗೆ ಕರೆಯಿರಿ, ಗೋಳಿಬಜೆ ಮಾಡಿ, ಲೆಕ್ಕ ನಿಮ್ಮ ಮಗನೇ ಹೇಳಿಕೊಡಲಿ. ನೀವು ಅಡುಗೆಮನೆ ಬಿಟ್ಟು ಬರಬೇಡಿ.
– ವಾಸ್ಕೋ

ಗೋಳಿಬಜೆ ನಮಗೂ ಹಿಡಿಸಿತು. ಕೊನೆಯ ಪತ್ರ ಹತ್ತನೇ ಕ್ಲಾಸಿನ ಹುಡುಗಿಯದು. ಊರು ಹಾಕಬೇಡಿ ಎಂದಿದ್ದಾಳೆ.

ಆಂಟಿ, ನಾನೂ ಕದ್ದು ಓದ್ತೀನಿ. ಫ್ರೆಂಡ್ಸ್ ಕೇಳಿದ್ರೆ ‘ಕುಛ್ ನಹೀ ಪಢಾ ಯಾರ್’ ಅಂತೀನಿ. ನಿಮ್ಮ ಮಗನೂ ಹಾಗೇ ಇರಬಹುದು. ರಾತ್ರಿ ಬಾಗಿಲು ತೆಗೆದು ನೋಡ್ಬೇಡಿ.