ಅಟ್ಟದಲ್ಲಿರುವ 486 ಕಂಪ್ಯೂಟರ್: ಗುಜರಿಗೆ ಹಾಕುವ ಮೊದಲು ಏನು ಮಾಡಬೇಕು?

ಕೇಳಿದವರು, ದಾವಣಗೆರೆ

ಮಂಡಿಪೇಟೆಯ ನಮ್ಮ ಅಂಗಡಿ ಅಟ್ಟದಲ್ಲಿ ಅಪ್ಪ ಬಳಸುತ್ತಿದ್ದ 486 ಪ್ರೊಸೆಸರ್‌ನ ಹಳೇ ಕಂಪ್ಯೂಟರ್ ಇದೆ. ಫ್ಲಾಪಿಗಳೂ ಇವೆ, ದೊಡ್ಡವು ಚಿಕ್ಕವು ಎರಡೂ. ಅಂಗಡಿ ಲೆಕ್ಕವೆಲ್ಲ ಡೇಟಾಬೇಸ್ ಸಾಫ್ಟ್‌ವೇರ್ ಆದ ಫಾಕ್ಸ್‌ಪ್ರೋದಲ್ಲಿತ್ತು. ಅಪ್ಪ ಬರೆದ ಕನ್ನಡ ಪತ್ರಗಳೂ ಆ ಕಂಪ್ಯೂಟರ್‌ನಲ್ಲೇ ಇವೆ. ಗುಜರಿಯವರು ದಿನಾ ಕೇಳುತ್ತಿದ್ದಾರೆ. ಒಮ್ಮೆ ಆನ್ ಮಾಡಿ ನೋಡಲಾ? ಗೊತ್ತಿದ್ದವರು ಹೇಳಿ.

ಕಂಪ್ಯೂಟರ್ ರಿಪೇರಿ ಮಾಡುವವರು, ದಾವಣಗೆರೆ

ದಯವಿಟ್ಟು ಈಗಲೇ ಸ್ವಿಚ್ ಹಾಕಬೇಡಿ ಸರ್. ಮೊದಲು ಡಬ್ಬಿ ಬಿಚ್ಚಿ ಮದರ್‌ಬೋರ್ಡ್ ನೋಡಿ. ಆ ಕಾಲದ ಎಷ್ಟೋ ಬೋರ್ಡ್‌ಗಳಲ್ಲಿ 3.6 ವೋಲ್ಟ್‌ನ ಉದ್ದುರುಟು ಬ್ಯಾಟರಿ ಬೆಸುಗೆ ಹಾಕಿರುತ್ತದೆ. ಅದು ಸೋರಿ ತಾಮ್ರದ ಗೆರೆಗಳನ್ನೇ ತಿಂದು ಹಾಕುತ್ತದೆ. ಹಸಿರು ಪುಡಿ ಕಂಡರೆ ಬ್ಯಾಟರಿ ಕತ್ತರಿಸಿ ತೆಗೆಯಿರಿ. ಆ ಜಾಗವನ್ನು ವಿನೆಗರ್‌ನಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ.

ಬ್ಯಾಟರಿ ಹೋದರೆ ಹಾರ್ಡ್ ಡಿಸ್ಕ್‌ನ ಸೆಟ್ಟಿಂಗ್ ಕೂಡ ಹೋಗುತ್ತದೆ. ಡಿಸ್ಕ್ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಮೂರು ಸಂಖ್ಯೆ ಇರುತ್ತವೆ, ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಬರುವ ಸೆಟ್ಟಿಂಗ್ ಪರದೆಯಲ್ಲಿ, ಅವನ್ನೇ ಕೊಡಬೇಕು.

ನನ್ನ ಪ್ರಕಾರ ಮಷಿನ್ ಓಡಿಸುವುದು ಆಮೇಲಿನ ಮಾತು, ಮೊದಲು ಡಿಸ್ಕ್ ಕಾಪಿ ಆಗಬೇಕು. ಐಡಿಇ (ಹಳೇ ಹಾರ್ಡ್ ಡಿಸ್ಕ್‌ನ ಕನೆಕ್ಷನ್)–ಯುಎಸ್‌ಬಿ ಅಡಾಪ್ಟರ್ ಹಾಕಿ, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಕಾಪಿ ಮಾಡುವ ಪ್ರೋಗ್ರಾಂ ಬಳಸಿ ಇಡೀ ಡಿಸ್ಕ್‌ನ ಇಮೇಜ್, ಅಂದರೆ ಪೂರ್ತಿ ನಕಲನ್ನು ಒಂದೇ ಫೈಲ್ ಆಗಿ, ತೆಗೆಯಿರಿ. ತೀರಾ ಹಳೆಯ ಡಿಸ್ಕ್‌ಗಳನ್ನು ಕೆಲವು ಅಡಾಪ್ಟರ್ ಗುರುತಿಸುವುದಿಲ್ಲ. ಆಗ ಐಡಿಇ ಇರುವ ಹಳೇ ಪೆಂಟಿಯಂ ಬೋರ್ಡ್ ಹುಡುಕಬೇಕು.

ಕಾಲೇಜು ಲ್ಯಾಬ್‌ನಲ್ಲಿದ್ದವರು, ಚಿತ್ರದುರ್ಗ

ಫ್ಲಾಪಿ ಬಗ್ಗೆ ನಾನು ಹೇಳುತ್ತೇನೆ. ಚಿಕ್ಕದಕ್ಕೆ, ಅಂದರೆ 3.5 ಇಂಚಿನದಕ್ಕೆ, ಯುಎಸ್‌ಬಿ ಡ್ರೈವ್ ಸಾಕು. ದೊಡ್ಡದಕ್ಕೆ, 5.25 ಇಂಚಿನದಕ್ಕೆ, ಹಳೇ ಡ್ರೈವ್ ಮತ್ತು ಅದನ್ನು ಯುಎಸ್‌ಬಿಗೆ ಜೋಡಿಸುವ ಗ್ರೀಸ್‌ವೀಜಲ್ ಥರದ ಬೋರ್ಡ್ ಬೇಕು.

ಹಾಕುವ ಮೊದಲು ರೈಟ್ ಪ್ರೊಟೆಕ್ಟ್ ಮಾಡಿ, ಅಂದರೆ ಫ್ಲಾಪಿ ಮೇಲೆ ಹೊಸದಾಗಿ ಏನೂ ಬರೆಯದಂತೆ ಮಾಡಿ. ಚಿಕ್ಕದರಲ್ಲಿ ಮೂಲೆಯ ತೂತು ತೆರೆದಿರಬೇಕು. ದೊಡ್ಡದರಲ್ಲಿ ಉಲ್ಟಾ, ಪಕ್ಕದ ಕಚ್ಚನ್ನು ಸ್ಟಿಕ್ಕರ್‌ನಿಂದ ಮುಚ್ಚಬೇಕು. ಫಾರ್ಮ್ಯಾಟ್ ಮಾಡಲಾ ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಒಳಗಿನ ಹಾಳೆಯ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಡ್ರೈವ್‌ಗೆ ಹಾಕಲೇಬೇಡಿ. ಹೆಡ್‌ಗೆ ಅಂಟಿ ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತದೆ.

ಡಿಟಿಪಿ ಮಾಡುವವರು, ದಾವಣಗೆರೆ

ಫಾಕ್ಸ್‌ಪ್ರೋ ಲೆಕ್ಕದ ಡಿಬಿಎಫ್ ಫೈಲ್‌ಗಳು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯುತ್ತವೆ, ಆ ಚಿಂತೆ ಬೇಡ. ನನಗೆ ಜಾಸ್ತಿ ಭಯ ಇರುವುದು ಪತ್ರಗಳ ಬಗ್ಗೆ. ಡಾಸ್‌ನಲ್ಲಿ ಜಿಸ್ಟ್ ಕಾರ್ಡ್ (ಭಾರತೀಯ ಭಾಷೆಗಳಿಗಾಗಿ ಕಂಪ್ಯೂಟರ್‌ಗೆ ಹಾಕುವ ಕಾರ್ಡ್) ಹಾಕಿ ಬರೆದಿದ್ದರೆ ಅಕ್ಷರಗಳು ಇಸ್ಕಿ ಎಂಬ ಭಾರತೀಯ ಲಿಪಿಗಳ ಸಂಕೇತ ಪದ್ಧತಿಯಲ್ಲಿರುತ್ತವೆ. ಅದು 1991ರಲ್ಲಿ ಭಾರತೀಯ ಮಾನಕವಾಯಿತು, ಈಗಿನ ಯೂನಿಕೋಡ್‌ಗೆ ಬದಲಾಯಿಸಬಹುದು. ವಿಂಡೋಸ್‌ನಲ್ಲಿ ಹಳೇ ಫಾಂಟ್ ಹಾಕಿ ಬರೆದಿದ್ದರೆ, ಆ ಫಾಂಟ್ ಇಲ್ಲದೆ ತೆರೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹಾಗಾಗಿ ಪತ್ರದ ಜೊತೆ ಫಾಂಟ್‌ಗಳನ್ನೂ ಕಾಪಿ ಮಾಡಿ. ಪ್ರಿಂಟರ್ ಪೋರ್ಟ್‌ನಲ್ಲಿ ಡಾಂಗಲ್ (ಸಾಫ್ಟ್‌ವೇರ್‌ಗೆ ಕೀಲಿಯಂತಿರುವ ಚಿಕ್ಕ ಸಾಧನ) ಸಿಕ್ಕಿಸಿದ್ದರೆ ಬಿಸಾಡಬೇಡಿ, ಕೆಲವು ಕನ್ನಡ ಸಾಫ್ಟ್‌ವೇರ್ ಅದಿಲ್ಲದೆ ಶುರುವೇ ಆಗುವುದಿಲ್ಲ.

ಇಮೇಜ್ ಸಿಕ್ಕ ಮೇಲೆ, ಹಳೇ ಕಂಪ್ಯೂಟರನ್ನು ಅನುಕರಿಸುವ 86ಬಾಕ್ಸ್ ಪ್ರೋಗ್ರಾಂನಲ್ಲಿ ಓಡಿಸಿ ಅಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಮೆನು, ಯಾವ ಪಾಸ್‌ವರ್ಡ್, ಯಾವ ಫೈಲ್ ಯಾರ ಲೆಕ್ಕ ಅಂತ ಅವರು ಹೇಳಿದ್ದನ್ನೆಲ್ಲ ಬರೆದಿಡಿ. ಅದು ಯಾವ ಡಿಸ್ಕ್‌ನಲ್ಲೂ ಇರುವುದಿಲ್ಲ ಅಲ್ವಾ?

ಕಂಪ್ಯೂಟರ್ ರಿಪೇರಿ ಮಾಡುವವರು

ಇವರು ಹೇಳಿದ್ದು ಸರಿ. ಸರ್, ಡಬ್ಬಿ ಬಿಚ್ಚಿದಾಗ ಬೋರ್ಡ್‌ನ ಒಂದು ಫೋಟೋ ಹಾಕಿ. ಬ್ಯಾಟರಿ ಎಲ್ಲಿದೆ ಅಂತ ನೋಡಿ ಹೇಳುತ್ತೇನೆ.